ಅಕ್ಕೋರು ದಿನಾ ಓದುತ್ತಿದ್ದ ನೋಟೀಸು

ಹೋದ ವಾರ ನಮ್ಮ ಕಚೇರಿಯ ಹಳೆಯ ನೋಟೀಸು ಬೋರ್ಡನ್ನು ಗೋಡೆಯಿಂದ ಇಳಿಸಿದರು. ಹೊಸ ಕಟ್ಟಡಕ್ಕೆ ಅದು ಬೇಡವಂತೆ. ಮರದ ಚೌಕಟ್ಟು, ಮುಂದೆ ಗಾಜಿನ ಬಾಗಿಲು, ಅದಕ್ಕೊಂದು ಸಣ್ಣ ಬೀಗ. ಜವಾನ ಬಾಗಿಲು ತೆಗೆದದ್ದೇ ತಡ, ಎಷ್ಟೋ ಮಳೆಗಾಲ ಕಂಡು ಮುಗ್ಗಿದ ಕಾಗದ, ಮೈದಾ ಅಂಟು, ತುಕ್ಕು ಹಿಡಿದ ಗುಂಡುಪಿನ್ನು ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಕೈಯಲ್ಲಿದ್ದ ಕಡತವನ್ನು ಯಾರದೋ ಮೇಜಿನ ಮೇಲಿಟ್ಟು ಹೊರಗೆ ಬಂದು ನಿಂತೆ. ಎಂಟು ವರ್ಷದ ಹಿಂದೆ ಆ ಗಾಜಿನ ಮುಂದೆ ಬಂದು ನಿಲ್ಲುತ್ತಿದ್ದವರು ನೆನಪಾದರು...

ಅವರು ನನ್ನ ಅಕ್ಕೋರು. ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಕಾರವಾರದಲ್ಲಿ ಒಂದನೇ ಇಯತ್ತೆಯಲ್ಲಿ ನನ್ನ ಕೈ ಹಿಡಿದು ಅ ಆ ತಿದ್ದಿಸಿದವರು. ಮುಂದೆ ಮದುವೆಯಾಗಿ ಹಬ್ಬುವಾಡದ ಮನೆಗೆ ಬಂದು ನೋಡಿದರೆ ಬೇಲಿಯಾಚೆ ಅವರದೇ ಮನೆ. ಆಗಲೂ ನನಗೆ ಅವರು ಅಕ್ಕೋರೇ, ಅವರಿಗೆ ನಾನು ತಂಗಿ.

ಅಕ್ಕೋರ ಗಂಡ ಅಂಕೋಲೆ ತಾಲೂಕಿನ ಅಗಸೂರಿನ ರೈತ ಮನೆತನದವರು, ಕಾರವಾರದಲ್ಲಿ ನೌಕರಿಗಿದ್ದರು. ಮಗಳು ಸ್ನೇಹಾಗೆ ಒಂಬತ್ತು ವರ್ಷವಾದಾಗ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ನಮ್ಮ ಜೊತೆ ಕನ್ನಡ, ಅವರವರೊಳಗೆ ಕೊಂಕಣಿ. ಸಂಜೆ ಅವರ ಮಾತು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ನಗುವೂ ಕೇಳುತ್ತಿತ್ತು.

ಹಬ್ಬಕ್ಕೆ ಅಗಸೂರಿನಿಂದ ಗಂಡನ ಅಣ್ಣ ಬರುತ್ತಿದ್ದರು. ಗಟ್ಟಿ ಆಳು, ಗಟ್ಟಿ ದನಿ. ತಮ್ಮ ಹೋದ ಮೇಲೆ ಆ ಸಂಸಾರದ ಹಿರಿತನ ತನ್ನದೆಂದು ತಿಳಿದವರು. ಅಕ್ಕಿ, ಕಾಯಿ ತಂದಿಳಿಸಿ, ಸ್ನೇಹಾಳ ತಲೆ ಸವರಿ ಹೋಗುತ್ತಿದ್ದರು. ಕೆಟ್ಟವರೆಂದು ಹೇಳಲಾರೆ. ಆದರೆ ಅವರ ಮನೆತನದ ಒಬ್ಬ ಹುಡುಗಿ ಬೇರೆ ಜಾತಿಯವನ ಜೊತೆ ಹುಬ್ಬಳ್ಳಿಗೆ ಹೊರಟಾಗ ಬಸ್ಸಿನಿಂದಲೇ ಇಳಿಸಿಕೊಂಡು ಬಂದು, ಎಂಟು ದಿನದೊಳಗೆ ಇನ್ನೊಬ್ಬನಿಗೆ ಧಾರೆ ಎರೆದು ಕೊಟ್ಟಿದ್ದರು. ಆ ಮದುವೆಗೆ ಸ್ನೇಹಾ ತಾಯಿಯ ಜೊತೆ ಹೋಗಿದ್ದಳು. ಬಂದವಳು ಎರಡು ದಿನ ಊಟ ಬಿಟ್ಟಿದ್ದಳೆಂದು ಅಕ್ಕೋರೇ ನನಗೆ ಹೇಳಿದ್ದರು.

ನಾನು ಕೆಲಸ ಮಾಡುತ್ತಿದ್ದದ್ದು ಅಂಕೋಲೆಯಲ್ಲಿ, ಮದುವೆ ಮತ್ತು ಜಮೀನಿನ ಕಾಗದಗಳು ನೋಂದಣಿಯಾಗುವ ಕಚೇರಿಯಲ್ಲಿ. ಕಾರವಾರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅಕ್ಕೋರು ನಿವೃತ್ತರಾದ ಮರುವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಸ್ನೇಹಾ ಒಬ್ಬ ಹುಡುಗನ ಜೊತೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಅವಳಿಗಾಗ ಇಪ್ಪತ್ತೇಳು. ಕಾರವಾರದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಹುಡುಗ ಅಂಕೋಲೆಯವನೇ, ಕ್ರಿಶ್ಚನ್ನರವನು, ಗೋವಾದಲ್ಲಿ ಹಡಗು ಕಟ್ಟುವಲ್ಲಿ ವೆಲ್ಡರ್. ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದ. ಅವನ ಅಂಗಿಯ ತೋಳಿಗೆ ಕಿಡಿ ಹಾರಿ ಆದ ಸಣ್ಣ ಸಣ್ಣ ತೂತುಗಳಿದ್ದವು.

"ಅಕ್ಕಾ, ಆಯಿಗೆ ಹೇಳ್ಬೇಡಿ" ಎಂದಳು ಸ್ನೇಹಾ. "ಮದ್ವೆ ಆದ್ಮೇಲೆ ನಾನೇ ಹೇಳ್ತೆ. ಈಗ ಆಯಿಗೆ ಗೊತ್ತಾದ್ರೆ ದೊಡ್ಡಪ್ಪಗೂ ಗೊತ್ತಾಗ್ತದೆ."

ಹೇಳುವುದಿಲ್ಲ ಎಂದೆ.

ಇಂಥ ಮದುವೆಗೆ ಮೊದಲು ಹುಡುಗ ಹುಡುಗಿಯ ಹೆಸರು, ಊರು, ವಯಸ್ಸು ಬರೆದ ನೋಟೀಸನ್ನು ಮೂವತ್ತು ದಿನ ಬೋರ್ಡಿಗೆ ಹಾಕಬೇಕು. ಯಾರದಾದರೂ ತಕರಾರಿದ್ದರೆ ಅಷ್ಟರೊಳಗೆ ಬರೆದು ಕೊಡಬೇಕು. ತಕರಾರಿಲ್ಲದಿದ್ದರೆ ಮೂವರು ಸಾಕ್ಷಿಗಳ ಎದುರು ಸಹಿ ಹಾಕಿ ಮದುವೆ. ಅವರ ನೋಟೀಸನ್ನು ನಾನೇ ಟೈಪು ಮಾಡಿ, ನಾನೇ ಬೋರ್ಡಿಗೆ ಅಂಟಿಸಿದೆ.

ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಐದನೆಯ ದಿನ ಸಂಜೆ ಅಕ್ಕೋರು ಬೇಲಿಯ ಮೇಲಿಂದ ಪತ್ರೊಡೆಯ ತಟ್ಟೆ ಕೊಟ್ಟರು. ಸ್ನೇಹಾಗೆ ಇಷ್ಟವೆಂದು ಮಾಡಿದ್ದು, ನಾಕು ನಿಂಗೂ ಇರ್ಲಿ ಎಂದರು. ತಟ್ಟೆ ಇನ್ನೂ ಬೆಚ್ಚಗಿತ್ತು. ನನಗೂ ಒಬ್ಬ ಮಗಳಿದ್ದಾಳೆ. ನಾಳೆ ಇಡೀ ಊರಿಗೆ ತಿಳಿದ ಮೇಲೆ ಈ ಹೆಂಗಸಿಗೆ ತಿಳಿಯಬೇಕೇ ಅನ್ನಿಸಿತು. ಹೇಳಿಬಿಟ್ಟೆ.

ಅವರು ಬೇಲಿಯ ಗೂಟ ಹಿಡಿದುಕೊಂಡೇ ಕೇಳಿದರು. ಕೂಗಲಿಲ್ಲ, ಅಳಲಿಲ್ಲ. ಎರಡು ವರ್ಷದ ಹಿಂದೆ ಮಗಳು ಒಮ್ಮೆ ಈ ಹುಡುಗನ ಮಾತೆತ್ತಿದ್ದಳಂತೆ. ಅವತ್ತು ಇವರು, ಹಾಗಾದರೆ ನನ್ನ ಹೆಣ ದಾಟಿ ಹೋಗು ಎಂದಿದ್ದರಂತೆ. ಆಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ಮರೆತಳು ಎಂದುಕೊಂಡು ಇವರು ನೆಮ್ಮದಿಯಿಂದಿದ್ದರು.

"ಅಂಥಾ ಮಾತು ಆಡಿದ್ಮೇಲೆ ಅವಳು ನಂಗೆ ಹೆಂಗೆ ಹೇಳ್ತಾಳೆ, ತಂಗಿ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೋದರೆ ಅವರು ಕೊಡೆ ಹಿಡಿದು ನಿಂತಿದ್ದರು. ಮಗಳು ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಇವರು ನನ್ನ ಜೊತೆ ಅಂಕೋಲೆಗೆ ಬಂದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋದರೆ ಅವಳಿಗೆ ತಿಳಿಯುವ ಹಾಗಿರಲಿಲ್ಲ. ಅವತ್ತಿನಿಂದ ಅವರು ದಿನಾ ಬಂದರು.

ಮೊದಲ ದಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಟೀಸನ್ನು ಮೇಲಿಂದ ಕೆಳತನಕ ಓದಿದರು. ಆಮೇಲೆ ಒಳಗೆ ಬಂದು, ತಕರಾರು ಕೊಡುವುದು ಹೇಗೆ ಎಂದು ಕೇಳಿದರು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಕೊಡಬೇಕು ಎಂದೆ. ಆದರೆ ಇಬ್ಬರಿಗೂ ಮದುವೆಯ ವಯಸ್ಸಾಗಿದೆ, ಬೇರೆ ಮದುವೆಯಾಗಿಲ್ಲ. ತಾಯಿಗೆ ಒಪ್ಪಿಗೆಯಿಲ್ಲ ಅನ್ನುವುದು ಕಾಯ್ದೆಯಲ್ಲಿ ತಕರಾರಾಗುವುದಿಲ್ಲ ಎಂದೂ ಹೇಳಿದೆ.

"ಹಂಗಾದ್ರೆ ಕಾಯ್ದೇಲಿ ನಾ ಯಾರು?" ಎಂದರು.

ಒಂದು ಹಾಳೆ ಕೊಟ್ಟೆ. ನಾಲ್ಕಾಗಿ ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಎರಡು ವಾರ ಆ ಹಾಳೆ ಅವರ ಚೀಲದಲ್ಲೇ ನನ್ನ ಜೊತೆ ಬಸ್ಸಿನಲ್ಲಿ ಹೋಗಿ ಬಂತು. ಅವರು ಏನನ್ನೂ ಬರೆಯಲಿಲ್ಲ. ಬಂದು ಬೋರ್ಡಿನ ಮುಂದೆ ನಿಲ್ಲುವರು, ಓದುವರು, ಜಗಲಿಯ ಬಾಕಿನ ಮೇಲೆ ಕೂರುವರು, ಎದ್ದು ಮತ್ತೊಮ್ಮೆ ಓದುವರು. ಜಮೀನಿನ ಕಾಗದಕ್ಕೆ ಬಂದವರು ಇವರೂ ಯಾವುದೋ ಕೆಲಸಕ್ಕೆ ಕಾಯುತ್ತಿದ್ದಾರೆಂದು ತಿಳಿಯುತ್ತಿದ್ದರು.

ಬಸ್ಸಿನಲ್ಲಿ ಅವರಿಗೆ ಕಿಟಕಿಯ ಜಾಗವೇ ಬೇಕು. ಬಿಣಗಾ ದಾಟಿ ಅರ್ಗಾ ಬಂದಾಗ ಮಾತು ನಿಲ್ಲಿಸಿಬಿಡುತ್ತಿದ್ದರು. ಅಲ್ಲಿ ನೌಕಾನೆಲೆಯ ಗೋಡೆ ರಸ್ತೆಯುದ್ದಕ್ಕೂ ಬರುತ್ತದೆ. ಗೋಡೆಯ ಆಚೆ, ಸಮುದ್ರದ ಮಗ್ಗುಲಿಗೆ ಅವರು ಹುಟ್ಟಿದ ಮನೆಯಿತ್ತು. ನೌಕಾನೆಲೆಗೆ ಜಾಗ ಹೋದ ಮೇಲೆ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಒಂದು ದಿನ ಗೋಡೆಯನ್ನು ನೋಡುತ್ತಲೇ, ಸ್ನೇಹಾ ಹುಟ್ಟಿದಾಗ ತನ್ನ ಬಾಣಂತನ ಆದದ್ದು ಆ ಮನೆಯಲ್ಲೇ, ಈಗ ಅದು ಎಲ್ಲಿತ್ತೆಂದು ಬೆರಳು ಮಾಡಿ ತೋರಿಸಲಿಕ್ಕೂ ಬರುವುದಿಲ್ಲ ಎಂದರು.

"ನಂಗೆ ತವರಿಲ್ಲ" ಎಂದರು ಅವರ್ಸಾ ದಾಟುವಾಗ. "ಅವಳಿಗೂ ಇಲ್ದಂಗೆ ಮಾಡೂದು ನನ್ನ ಕೈಯಲ್ಲೇ ಅದೆ. ಅದು ಬೇಡ."

ಮೂರನೆಯ ವಾರವಿರಬೇಕು. ನಾನು ಯಾವುದೋ ಲೆಕ್ಕಪತ್ರದಲ್ಲಿ ಮುಳುಗಿದ್ದಾಗ ಹೊರಗಿನಿಂದ ಕರೆದರು. ಸಾಲೆಯಲ್ಲಿ ಪಾಟಿ ತೋರಿಸಲು ಕರೆಯುತ್ತಿದ್ದ ಅದೇ ದನಿ. ಎದ್ದು ಹೋದೆ. ಗಾಜಿನ ಮೇಲೆ ಬೆರಳಿಟ್ಟಿದ್ದರು.

"ಫಕಾರದ ಹೊಟ್ಟೆ ಸೀಳ್ಲಿಲ್ಲ ನೀನು."

ಹುಡುಗನ ಹೆಸರು ಫ್ರಾನ್ಸಿಸ್. ನಾನು ಪ್ರಾನ್ಸಿಸ್ ಎಂದು ಟೈಪು ಮಾಡಿದ್ದೆ. ಇಷ್ಟು ದಿನ ಅವರ ಕಣ್ಣು ಮಗಳ ಹೆಸರಿನ ಮೇಲೆಯೇ ಇತ್ತೇನೋ, ಅವತ್ತು ಮೊದಲ ಸಲ ಅವನ ಹೆಸರನ್ನೂ ಓದಿದ್ದರು. ಬೀಗ ತೆಗೆದು ಪೆನ್ನು ಕೊಟ್ಟೆ. ಹಾಗೆ ಕೊಡಬಾರದು ಎಂದು ಗೊತ್ತಿತ್ತು. ಅವರು ಕಾಗದಕ್ಕೆ ಎಡಗೈ ಆನಿಸಿ, ಅಕ್ಷರದ ಕೆಳಗೆ ಒಂದು ಸಣ್ಣ ಗೀರು ಎಳೆದರು.

"ಹೆಸ್ರು ಸರಿ ಇರ್ಬೇಕು" ಎಂದರು. "ಅದೂ ಒಬ್ಬಳು ತಾಯಿ ಇಟ್ಟಿದ್ದೇ ಅಲ್ದಾ."

ಪೆನ್ನಿನ ಜೊತೆ ಚೀಲದಿಂದ ಆ ಮಡಚಿದ ಹಾಳೆಯನ್ನೂ ತೆಗೆದು ನನಗೆ ಕೊಟ್ಟರು. ಇದಿನ್ನು ಬೇಡ ಎಂದರು. ಸಾಕ್ಷಿ ಹಾಕಲು ತಾಯಿಗೆ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಆಮೇಲೆ ನನ್ನ ಕೈ ಹಿಡಿದು ಒಂದು ಮಾತು ತೆಗೆದುಕೊಂಡರು. ತನಗೆ ಗೊತ್ತು ಅನ್ನುವುದನ್ನು ಸ್ನೇಹಾಗೆ ಹೇಳಬಾರದು.

"ಅವಳಾಗೇ ಹೇಳ್ಲಿ. ನಾ ಕೇಳಿ ಹೇಳ್ಸಿಕೊಂಡ್ರೆ ಅದೆಂತ ಹೇಳಿದ್ದು? ಹೇಳದೇ ಇದ್ರೆ, ಆ ದಿನ ನಾನೇ ಬಂದು ನಿಲ್ತೆ."

ದಿನಾ ಸಂಜೆ ಊಟಕ್ಕೆ ಕೂತಾಗ ಮಗಳು ಹೇಳುತ್ತಾಳೆಂದು ಕಾದರಂತೆ. ಅವಳಿಗೆ ಸಲೀಸಾಗಲಿ ಎಂದು ಲ್ಯಾಬಿನ ಸುದ್ದಿ ಕೇಳುವರು, ಯಾರ್‍ಯಾರದೋ ಮದುವೆಯ ಮಾತು ತೆಗೆಯುವರು. ಕೊನೆಗೆ ಒಂದು ದಿನ, ಎಂತಾದರೂ ಹೇಳುವುದಿದೆಯೇ ಎಂದೇ ಕೇಳಿದರಂತೆ. ಇಲ್ಲ ಆಯಿ ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳಂತೆ. ಇವರು ಮಡಚಿಟ್ಟ ತಮ್ಮ ಧಾರೆ ಸೀರೆಯನ್ನು ಮಗಳು ಇಲ್ಲದಾಗ ಬಿಸಿಲಿಗೆ ಹಾಕಿ ತೆಗೆದರು. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಮದುವೆಯ ತಯಾರಿಯನ್ನು ಒಬ್ಬರಿಗೊಬ್ಬರು ಮುಚ್ಚಿ ಮಾಡುತ್ತಿದ್ದರು. ನಾನು ಬೇಲಿಯ ಈಚೆ ಎಲ್ಲವನ್ನೂ ತಿಳಿದು ಕೂತಿದ್ದೆ...

ಇನ್ನು ನಾಲ್ಕೈದು ದಿನ ಉಳಿದಿರುವಾಗ ಅಗಸೂರಿನ ಆ ಬಾವ ನಮ್ಮ ಕಚೇರಿಗೆ ಬಂದರು. ಯಾವುದೋ ಗದ್ದೆಯ ಕಾಗದಕ್ಕೆ. ಗೇಟಿನಲ್ಲಿ ಅವರ ದನಿ ಕೇಳಿ ನಾನು ಎದ್ದು ಬಾಗಿಲಿಗೆ ಬಂದೆ. ಅಕ್ಕೋರು ಬೋರ್ಡಿನ ಮುಂದೆ ಇದ್ದರು. ಓಡಲಿಲ್ಲ. ತಿರುಗಿ, ಬೆನ್ನನ್ನು ಗಾಜಿಗೆ ಒತ್ತಿ ನಿಂತುಬಿಟ್ಟರು. ನೋಟೀಸು ಸರಿಯಾಗಿ ಅವರ ಹೆಗಲ ಹಿಂದೆ.

"ನೀ ಇಲ್ಲೆಂತ ಮಾಡ್ತೆ?" ಎಂದು ಬಾವ ಕೇಳಿದರು.

ಪೆನ್ಶನ್ನಿನ ಕಾಗದದ ಬಗ್ಗೆ ಕೇಳಲು ಬಂದೆ, ಇಲ್ಲಿ ನಮ್ಮ ಹಬ್ಬುವಾಡದ ತಂಗಿ ಕೆಲಸಕ್ಕಿದ್ದಾಳಲ್ಲ ಎಂದರು ಅಕ್ಕೋರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಾವ ಅಲ್ಲೇ ನಿಂತು ಎಲೆಯಡಿಕೆಯ ಕವಳ ಹಾಕಿದರು. ಮಳೆ, ಗದ್ದೆ ನೆಟ್ಟಿ, ಕಾಡುಹಂದಿಯ ಕಾಟ, ಎಲ್ಲ ಮಾತಾಡಿದರು. ಸ್ನೇಹಾಗೊಂದು ಗಂಡು ನೋಡಿಟ್ಟಿದ್ದೇನೆ, ದೀಪಾವಳಿ ಕಳೆದ ಮೇಲೆ ಮಾತಾಡುವ ಎಂದರು. ಆಯ್ತು ಬಾವ, ನೋಡ್ವಾ ಎಂದರು ಅಕ್ಕೋರು. ಇಪ್ಪತ್ತು ನಿಮಿಷ ಒಂದು ಹೆಜ್ಜೆ ಆಚೆ ಈಚೆ ಸರಿಯಲಿಲ್ಲ. ಬಾವ ಒಳಗಿನ ಕೆಲಸ ಮುಗಿಸಿ ಗೇಟು ದಾಟಿದ ಮೇಲೆ ಬಾಕಿನ ಮೇಲೆ ಕುಸಿದು ಕೂತರು. ಗಾಜಿನ ಮೇಲೆ ಅವರ ಬೆನ್ನಿನ ಬೆವರು ಹಾಗೇ ಮೂಡಿತ್ತು.

ಮರುದಿನ ಸ್ನೇಹಾ ಕಚೇರಿಗೆ ಫೋನು ಮಾಡಿದಳು. ತಕರಾರು ಏನಾದರೂ ಬಂದಿದೆಯೇ ಎಂದು ಕೇಳಲು. ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ತಡೆಯಲಾಗಲಿಲ್ಲ. ಹೆದರಬೇಡ, ಯಾರೂ ತಕರಾರು ಕೊಟ್ಟಿಲ್ಲ, ನಿನ್ನ ಆಯಿಗೆ ಎಲ್ಲ ಗೊತ್ತು, ದಿನಾ ಬಂದು ನೋಟೀಸು ನೋಡಿ ಹೋಗುತ್ತಾರೆ, ನಿನ್ನೆ ನಿನ್ನ ದೊಡ್ಡಪ್ಪ ಬಂದಿದ್ದಾಗಲೂ ಇಲ್ಲೇ ಇದ್ದರು ಎಂದೆ.

"ದೊಡ್ಡಪ್ಪ ಬಂದಿದ್ರಾ? ಆಯಿ ಜೊತೆಗೇ?" ಎಂದಳು.

ಹೂಂ, ಬಂದಿದ್ದರು ಎಂದೆ. ಅದು ಬೇರೆ ಕೆಲಸಕ್ಕೆ ಎಂದು ಹೇಳುವಷ್ಟರಲ್ಲಿ ಕಾಗದದ ಪಾರ್ಟಿಯವರು ಏಳೆಂಟು ಜನ ಮೇಜಿಗೆ ಮುತ್ತಿದರು. ಸಾಹೇಬರು ಒಳಗಿನಿಂದ ಕರೆದರು. ಅಕ್ಕೋರು ಸಾಕ್ಷಿ ಹಾಕಲು ಬರುತ್ತಾರೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈ ಹಿಡಿದು ಮಾತು ಕೊಟ್ಟಿದ್ದೆನಲ್ಲ ಎಂದು ನುಂಗಿಕೊಂಡೆ. ಅರ್ಧ ಮುರಿದ ಮಾತಿನ ಉಳಿದರ್ಧವನ್ನು ಅವತ್ತು ಉಳಿಸಿಕೊಂಡೆ. ಗುರುವಾರ ಸಹಿಗೆ ಬಾ, ಎಲ್ಲ ಸರಿಯಾಗುತ್ತದೆ ಎಂದು ಫೋನಿಟ್ಟೆ.

ಗುರುವಾರ ಅಕ್ಕೋರು ನನ್ನ ಜೊತೆ ಬೆಳಗಿನ ಬಸ್ಸಿಗೇ ಬಂದರು. ಒಂದು ಚೀಲದಲ್ಲಿ ಧಾರೆ ಸೀರೆ, ಒಂದು ಡಬ್ಬಿಯಲ್ಲಿ ರವೆ ಉಂಡೆ, ಬಾಳೆಲೆಯಲ್ಲಿ ಸುತ್ತಿದ ಎರಡು ಹೂವಿನ ಮಾಲೆ. ಮಗಳು ಎಂದಿನಂತೆ ಎಂಟಕ್ಕೆ ಚೂಡಿದಾರ ಹಾಕಿ ಹೋದಳು, ಹೋಗುವಾಗ ಕಾಲಿಗೆ ಬಿದ್ದಳು, ಯಾಕೆಂದು ನಾನು ಕೇಳಲಿಲ್ಲ ಎಂದು ದಾರಿಯಲ್ಲಿ ಹೇಳಿದರು. ಅವರ ಮುಖದಲ್ಲಿ ಅವತ್ತು ಒಂದು ನಾಚಿಕೆಯಿತ್ತು.

ಹನ್ನೊಂದಕ್ಕೆ ಬರುತ್ತೇವೆಂದು ಸ್ನೇಹಾ ಹೇಳಿದ್ದಳು. ಹನ್ನೆರಡಾಯಿತು. ಬಸ್ಸು ತಪ್ಪಿರಬೇಕು ಎಂದರು ಅಕ್ಕೋರು. ಊಟದ ಹೊತ್ತಾಯಿತು. ಹುಡುಗನ ಕಡೆಯವರೂ ಯಾರೂ ಕಾಣಲಿಲ್ಲ. ನಾನು ಹಿಂದಿನ ಕೋಣೆಗೆ ಹೋಗಿ ಸ್ನೇಹಾಗೆ ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಮೂರು ಗಂಟೆಗೆ ಅಕ್ಕೋರು ಮಾಲೆಗಳ ಮೇಲೆ ನೀರು ಚಿಮುಕಿಸಿದರು. ಐದೂವರೆಗೆ ಜವಾನ ಕಿಟಕಿ ಮುಚ್ಚತೊಡಗಿದಾಗ ಎದ್ದರು. ಡಬ್ಬಿಯನ್ನು ತೆಗೆದು ಅವನ ಕೈಗೆ ಕೊಟ್ಟು, ಎಲ್ಲರೂ ತಿನ್ನಿ ಎಂದರು.

ಮನೆ ಮುಟ್ಟುವ ಹೊತ್ತಿಗೆ ಅವರ ಫೋನಿಗೆ ಮಗಳ ಮೆಸೇಜು ಬಂದಿತ್ತು. ಕನ್ನಡಕವಿಲ್ಲದೆ ಓದಲಾಗದೆ ನನ್ನ ಕೈಗೆ ಕೊಟ್ಟರು. ಓದಿ ಹೇಳಿದವಳು ನಾನೇ. "ಆಯಿ, ನನ್ನ ಹುಡುಕಬೇಡಿ. ದೊಡ್ಡಪ್ಪಗೂ ಹೇಳಿ." ಅಷ್ಟೇ ಇತ್ತು. ಆ ನಂಬರು ಆಮೇಲೆ ಹತ್ತಲೇ ಇಲ್ಲ. ಹುಡುಗನ ಮನೆಗೂ ಬೀಗ. ಬೇರೆ ಊರಿಗೆ ಹೋಗಿ ಮದುವೆಯಾದರಂತೆ ಎಂದು ಸುದ್ದಿ ಬರಲು ಎರಡು ತಿಂಗಳು ಹಿಡಿಯಿತು. ಬಾವ ಬಂದು ಜಗಲಿಯಲ್ಲಿ ನಿಂತು ಆಡಬಾರದ್ದೆಲ್ಲ ಆಡಿ, ಇನ್ನು ಅವಳು ನಮ್ಮ ಪಾಲಿಗೆ ಸತ್ತಳು ಎಂದು ಹೇಳಿ ಹೋದರು.

ಆದರೆ ಅದಕ್ಕೂ ಮೊದಲು, ಮೆಸೇಜು ಬಂದ ಮೂರನೆಯ ದಿನ, ಅವರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನೀ ಅವಳಿಗೆ ಏನಾದ್ರೂ ಹೇಳಿದ್ಯಾ?"

ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಹೌದು ಎಂದಿದ್ದರೆ ಬಯ್ಯುತ್ತಿದ್ದರು, ಅಥವಾ ಬಯ್ಯುತ್ತಲೂ ಇರಲಿಲ್ಲ. ಆದರೆ ಆರು ವರ್ಷದ ಹುಡುಗಿಯಾಗಿದ್ದಾಗ ನೋಡಿದ್ದ ಆ ಕಣ್ಣುಗಳ ಮುಂದೆ ನನ್ನ ಬಾಯಿಂದ ಬಂದದ್ದು, "ಇಲ್ಲ ಅಕ್ಕೋರೇ."

ಅವರು ಮಡಿಲಲ್ಲಿದ್ದ ಫೋನನ್ನು ತೆಗೆದು ಬದಿಗಿಟ್ಟರು.

"ಹಂಗಾದ್ರೆ ಅವಳಿಗೇ ನಾ ಬೇಡಾದೆ ಅಂತಾಯ್ತು" ಎಂದರು.

ಆ ಕ್ಷಣವೇ ಕಾಲು ಹಿಡಿಯಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಗಳು ಕಳೆದಷ್ಟೂ ಹೇಳುವುದು ಕಠಿಣವಾಗುತ್ತ ಹೋಯಿತು. ಹ್ಯಾಗೆ ಹೇಳಲಿ... ಮಗಳು ನಿಮ್ಮನ್ನು ಬಿಟ್ಟು ಹೋದದ್ದಲ್ಲ, ನೀವು ಹಿಡಿಸಿಕೊಡುತ್ತೀರೆಂದು ಹೆದರಿ ಓಡಿದಳು, ಹೆದರಿಸಿದವಳು ನಾನು ಎಂದು? ಅದರ ಬದಲು ದಿನಾ ಕಚೇರಿಯಿಂದ ಬಂದು ಅವರ ಜಗಲಿಯಲ್ಲಿ ಕೂತೆ. ಮೀನು ಹುರಿದರೆ ಎರಡು ತುಂಡು ಕೊಟ್ಟೆ. ಗುಳಿಗೆ ತಂದು ಕೊಟ್ಟೆ. ನಿನ್ನಂಥ ಮಗಳಿದ್ದಿದ್ದರೆ ಎಂದು ಒಮ್ಮೆ ಅವರು ಅಂದಾಗ ಎದ್ದು ಮನೆಗೆ ಬಂದೆ.

ಮಗಳ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. ಸಂಜೆ ಓಣಿಯ ಮಕ್ಕಳು ಪಾಠಕ್ಕೆ ಬರುತ್ತಿದ್ದವು, ಬೇಡವೆಂದು ಕಳಿಸಿದರು. ಊಟ ಒಂದು ಹೊತ್ತಿಗೆ ಇಳಿಯಿತು. ನಾಲ್ಕನೆಯ ಮಳೆಗಾಲದಲ್ಲಿ ಜ್ವರ ಬಂತು. ಐದು ದಿನದ ಜ್ವರ, ಹೆಚ್ಚೇನಲ್ಲ ಎಂದಿದ್ದರು ಡಾಕ್ಟರು. ಬದುಕಬೇಕೆಂದು ಇದ್ದವರಿಗೆ ಹೆಚ್ಚೇನಲ್ಲದ ಜ್ವರ. ಅಗಸೂರಿನ ಬಾವನೇ ಬಂದು ಬೆಂಕಿ ಕೊಟ್ಟರು. ಮಗಳಿಗೆ ಹೇಳಿಕಳಿಸಲು ಯಾರಲ್ಲೂ ನಂಬರಿರಲಿಲ್ಲ.

ನನಗೆ ಸ್ನೇಹಾಳ ನಂಬರು ಸಿಕ್ಕಿದ್ದು ಹೋದ ವರ್ಷ, ಅವಳ ಜೊತೆ ಲ್ಯಾಬಿನಲ್ಲಿದ್ದ ಹುಡುಗಿಯಿಂದ. ಮುಂಬಯಿಯ ಆಚೆ ವಸಯಿಯಲ್ಲಿದ್ದಾಳಂತೆ. ಬರೆದಿಟ್ಟುಕೊಂಡೆ, ಮಾಡಲಿಲ್ಲ. ಬೋರ್ಡು ಇಳಿಸಿದ ಮೇಲಿನ ಭಾನುವಾರ, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಮಾಡಿದೆ. ಹೆಸರು ಹೇಳಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಎಲ್ಲವನ್ನೂ ಹೇಳಿದೆ. ಬಿಳಿ ಹಾಳೆ, ಬಾವನ ಎದುರು ಗಾಜಿಗೆ ಬೆನ್ನು ಕೊಟ್ಟು ನಿಂತದ್ದು, ಧಾರೆ ಸೀರೆ, ನಾನು ಅವಳಿಗೆ ಹೇಳಿದ್ದು, ಅವಳಿಗೆ ಹೇಳದೇ ಉಳಿಸಿಕೊಂಡದ್ದು, ಅಕ್ಕೋರಿಗೆ ಹೇಳಿದ ಸುಳ್ಳು. ಆ ಕಡೆ ಒಂದು ಮಗು ಕೊಂಕಣಿಯಲ್ಲಿ ಏನೋ ಹಟ ಮಾಡುತ್ತಿತ್ತು.

"ಆಯಿ ದಿನಾ ಬಂದಿದ್ರಾ?" ಎಂದು ಕೇಳಿದಳು ಕೊನೆಗೆ.

"ರಜೆ ಇದ್ದ ದಿನ ಬಿಟ್ಟು" ಎಂದೆ.

ಆಮೇಲೆ ನಿಧಾನ ಹೇಳಿದಳು. ಮಗುವಿಗೆ ಎಂಟು ತಿಂಗಳಾದಾಗ ಒಮ್ಮೆ ಹಬ್ಬುವಾಡಕ್ಕೆ ಬಂದಿದ್ದಳಂತೆ. ಮನೆಯ ತಿರುವಿನಲ್ಲಿ ರಿಕ್ಷಾ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಒಳಗೇ ಕೂತಿದ್ದಳಂತೆ. ದೊಡ್ಡಪ್ಪನಿಗೆ ಹೇಳಿದ ಆಯಿ ಈಗ ಒಳಗೆ ಕರೆಯುತ್ತಾಳೋ, ಬಾಗಿಲು ಹಾಕುತ್ತಾಳೋ ತಿಳಿಯಲಿಲ್ಲವಂತೆ. ಕಾಲು ಗಂಟೆ ಕಾದು ಹಾಗೇ ತಿರುಗಿ ಹೋದಳಂತೆ.

"ಆಯಿ ಜಗಲಿಯಲ್ಲೇ ಕೂತಿದ್ರು" ಎಂದಳು. "ನೀವೂ ಅಲ್ಲೇ ಕೂತಿದ್ರಿ, ಅಕ್ಕಾ."

ಇಡುತ್ತೇನೆ ಎಂದು ಫೋನಿಟ್ಟಳು. ಆಮೇಲೆ ಅವಳು ಮಾಡಲಿಲ್ಲ. ನಾನೂ ಮಾಡಿಲ್ಲ, ಮಾಡಿ ಏನು ಕೇಳಲಿ...

ಬೇಲಿಯಾಚೆಯ ಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ನಾನು ಆ ಒಂದು ಸಂಜೆಯನ್ನು ಹುಡುಕಲು ನೋಡುತ್ತೇನೆ. ತಿರುವಿನಲ್ಲಿ ರಿಕ್ಷಾ ನಿಂತದ್ದು, ಮಗು ಅತ್ತದ್ದು ಏನಾದರೂ ಕಂಡಿತ್ತೇ, ಕೇಳಿತ್ತೇ ಎಂದು. ಎಷ್ಟೋ ಸಂಜೆ ನಾವಿಬ್ಬರೂ ಹಾಗೆ ಮಾತಿಲ್ಲದೆ ರಸ್ತೆ ನೋಡುತ್ತ ಕೂತಿದ್ದೆವು. ಅದರಲ್ಲಿ ಅದು ಯಾವುದೆಂದು ಗುರುತು ಹತ್ತುವುದಿಲ್ಲ.